ಶಾಲು ಬೇಡ, ಹಲಗೆ ಹಾಕ್ಸು

ಚನ್ನಪಟ್ಟಣದ ಶುಕೂರ್ ಶಾಲೆ ಕಂಡದ್ದು ಕಡಿಮೆ, ಶಾಲಿಗೇನೂ ಕೊರತೆಯಿರಲಿಲ್ಲ. ಪೋಲಿಯೋದಿಂದ ಕಾಲು ಸೋತಿದ್ದವು. ಕೈಯಲ್ಲಿ ತಿರುಗಿಸುವ ಮೂರು ಚಕ್ರದ ಸೈಕಲ್ಲಿನಲ್ಲಿ ಓಡಾಡುತ್ತ, ಮರದ ಬೊಂಬೆ ಕಡೆದು, ಅರಗಿನ ಬಣ್ಣ ಹಚ್ಚಿ ಸಂಸಾರ ನಡೆಸುತ್ತಿದ್ದ. ಅವನಿಗಿದ್ದ ಹುಚ್ಚು ಒಂದೇ, ಆರ್ಕೆಸ್ಟ್ರಾ.

ಎಂಬತ್ತರ ದಶಕದಲ್ಲಿ ಪ್ರತಿ ರಾಜ್ಯೋತ್ಸವಕ್ಕೂ ಬೆಂಗಳೂರಿನಿಂದ ಆರ್ಕೆಸ್ಟ್ರಾ ಬರುತ್ತಿತ್ತು. ಬಯಲು ರಂಗಮಂದಿರದ ಬಾಗಿಲಿಗೆ ಮೆಟ್ಟಿಲು. ಉತ್ಸವ ನಡೆಸುವ ಕನ್ನಡ ಸಂಘದವರು ಶುಕೂರನನ್ನು ಸೈಕಲ್ ಸಮೇತ ಎತ್ತಿ ನೇರ ವೇದಿಕೆಗೇ ಒಯ್ಯುತ್ತಿದ್ದರು. ಅಂಗವಿಕಲ ಕಲಾವಿದನಿಗೆ ಸನ್ಮಾನವೆಂದು ಪೇಟ, ಶಾಲು, ಹಣ್ಣಿನ ಬುಟ್ಟಿ, ಚಪ್ಪಾಳೆ. ಎತ್ತಲು ಹತ್ತಾರು ಕೈ, ಇಳಿಸಲು ಯಾರಿಗೂ ಪುರುಸೊತ್ತಿಲ್ಲ. ಡ್ರಮ್ಮಿನ ಪಕ್ಕದಲ್ಲಿ ಗಾಯಕಿಯ ಬೆನ್ನು ನೋಡುತ್ತ, ಕೊನೆಯ ತನಕ ಪೇಟ ಹೊತ್ತು ಕೂರಬೇಕು. ಧಮಧಮ ಬಿಟ್ಟರೆ ಹಾಡಿನ ಒಂದಕ್ಷರವೂ ಕಿವಿಗೆ ಬಿದ್ದದ್ದಿಲ್ಲ. ಬೇಡವೆಂದರೆ ಸೊಕ್ಕು ಎಂದಾರು.

ಒಂದು ವರ್ಷ ಹೆಂಡತಿ ದಿಲ್ಶಾದ್ ರೇಗಿದಳು. "ಏನ್ರೀ, ಅಂಗ್ಡಿ ಇಡೋವಷ್ಟು ಶಾಲು ಆಗೈತೆ. ಬಾಯ್ಬುಟ್ಟು ಹೇಳ್ಬಾರ್ದಾ?"

ಶುಕೂರ್ ಧೈರ್ಯ ಮಾಡಿ ಸಂಘದ ಕಾರ್ಯದರ್ಶಿ ಚನ್ನಯ್ಯನ ಅಂಗಡಿಗೆ ಹೋದ.

"ಈ ಸಲ ಶಾಲು ಬ್ಯಾಡ ಕಣಣ್ಣ. ಮೆಟ್ಲು ಮ್ಯಾಲೆ ಒಂದು ಹಲಗೆ ಹಾಕ್ಸು. ನಾನೇ ಬತ್ತೀನಿ, ಜನದ ಮಧ್ಯೆ ಕುಂತ್ಕತೀನಿ."

ಚನ್ನಯ್ಯ ಕಂಗಾಲಾದ. "ಅಲ್ಲ ಸಾಬ್ರೇ, ಹಲಗೆಗೆ ಯಾರು ಚಪ್ಪಾಳೆ ತಟ್ತಾರೆ? ಸನ್ಮಾನ ಐತೆ ಅಂತ ಮೈಕಲ್ಲಿ ಸಾರಿಸ್ಬುಟ್ಟಿದೀವಿ!"

"ನಂಗೆ ಹಾಡು ಕೇಳ್ಬೇಕು ಕಣಣ್ಣ, ಅಷ್ಟೇಯ."

"ನೋಡಾನ" ಎಂದ ಚನ್ನಯ್ಯ. ಸಂಘದವರು 'ನೋಡಾನ' ಎಂದರೆ ಆ ಕಡೆ ತಿರುಗಿಯೂ ನೋಡುವುದಿಲ್ಲ ಎಂದೇ ಊರಿನ ಅನುಭವ.

ಆದರೂ ರಾಜ್ಯೋತ್ಸವದ ಸಂಜೆ ಮೆಟ್ಟಿಲ ಮೇಲೆ ಅಗಲವಾದ ಹೊಸ ಹಲಗೆಯಿತ್ತು! ದಿಲ್ಶಾದ್ ಹಿಂದಿನಿಂದ ಸ್ವಲ್ಪ ತಳ್ಳಿದಳು. ಶುಕೂರ್ ಸಲೀಸಾಗಿ ಒಳಗೆ ಹೋಗಿ ಜನದ ನಡುವೆ ಸೈಕಲ್ ನಿಲ್ಲಿಸಿದ. ಅಷ್ಟರಲ್ಲಿ ಮೈಕು ಕೆಮ್ಮಿತು.

"ಮಾನ್ಯರೇ, ಈಗ ಸನ್ಮಾನ..."

ಡ್ರಮ್ಮಿಗಿಂತ ಮೊದಲು ಶುಕೂರನ ಎದೆ ಬಡಿಯತೊಡಗಿತು. ದಿಲ್ಶಾದ್ ಸೈಕಲ್ಲನ್ನು ಬಿಗಿಯಾಗಿ ಹಿಡಿದು, "ಅದ್ಯಾರು ಎತ್ತಾರೋ ನೋಡ್ತೀನಿ" ಎಂದಳು.

"...ನಮಗೆ ಹಲಗೆ ದಾನ ಮಾಡಿದ ಸಾಮಿಲ್ ಮಾಲೀಕರು, ಫಕ್ರುದ್ದೀನ್ ಸಾಹೇಬರು ವೇದಿಕೆಗೆ ಬರಬೇಕು!"

ಶುಕೂರ್ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಫಕ್ರುದ್ದೀನ್ ಶಾಲು ಹೊದ್ದು, ಪೇಟ ಹೊತ್ತು, ಡ್ರಮ್ಮಿನ ಪಕ್ಕ ಗಂಭೀರವಾಗಿ ಆಸೀನರಾದರು. ಗಾಯಕಿ ಹಾಡು ಎತ್ತಿದಳು. ಅವಳಿಗೊಂದು ಮುಖವಿದೆ, ಹಾಡಿಗೆ ಮಾತುಗಳಿವೆ ಎಂದು ಶುಕೂರನಿಗೆ ಆಗ ತಿಳಿಯಿತು.

ಹಿಂದಿನಿಂದ ಯಾರೋ ಕೂಗಿದರು: "ಲೇ, ಗಾಡಿ ಒಸಿ ಪಕ್ಕಕ್ಕಾಕ್ಲಾ! ನಮ್ಗೂ ಕಾಣ್ಬೇಕಲ್ವಾ?"

ದಿಲ್ಶಾದ್ ಜಗಳಕ್ಕೆ ತಿರುಗಿದಳು.

"ಬುಡು ಬುಡು" ಎನ್ನುತ್ತ ಶುಕೂರ್ ಹಿಗ್ಗಿನಿಂದ ಸೈಕಲ್ಲನ್ನು ಒಂದು ಗೇಣು ಸರಿಸಿದ.