ಪೆಟ್ರೋಲಿಗೆ ಜಗ್ಗದ ಸಕ್ಕರೆ

ಆ ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಬಟ್ಟೆಯ ಕಲೆ ತೆಗೆಯುತ್ತಿದ್ದವಳನ್ನು ಎಲ್ಲರೂ ಅಕ್ಕನೆಂದೇ ಕರೆಯುತ್ತಿದ್ದರು. ಬಟ್ಟೆ ಮೇಜಿಗೆ ಬಂದೊಡನೆ ಅವಳು ಮೊದಲು ಮೂಸುವಳು. ಕಲೆಯ ಅಂಚಿಗೆ ಒಂದು ಹನಿ ನೀರು, ಒಂದು ಹನಿ ಪೆಟ್ರೋಲು ಬಿಟ್ಟು ನೋಡುವಳು. ಆಮೇಲೆ ಗುಂಡಿಗೆ ಚೀಟಿ ಕಟ್ಟುವಳು: 'ನೀರು ಮೊದಲು', ಇಲ್ಲವೇ 'ಪೆಟ್ರೋಲು ಮೊದಲು'. ಅವಳ ಚೀಟಿ ಹೊತ್ತ ಬಟ್ಟೆ ದೂರು ಹೊತ್ತು ಮರಳಿದ್ದೇ ಇಲ್ಲ.

ಸೋಮವಾರ ಕೆನೆಬಣ್ಣದ ಉಣ್ಣೆಯ ಕೋಟೊಂದು ಬಂತು. ಷರಬತ್ತು ಚೆಲ್ಲಿತ್ತು. 'ನೀರು ಮೊದಲು' ಎಂದು ಕಟ್ಟಿದಳು. ಗುರುವಾರ ಅದೇ ಕೋಟಿನ ಎದೆಯ ಮೇಲೆ ಅಂಗೈಯಗಲದ ಕಂದು ಮಚ್ಚೆ ಎದ್ದಿತ್ತು. ಚೀಟಿ ಇರಲಿಲ್ಲ.

ಕೋಟಿನ ಒಡತಿ ಗಲ್ಲಾದ ಎದುರು ಕಾದಿದ್ದಳು. ಒಳಕೋಣೆಯಲ್ಲಿ, ಮೂರು ತಿಂಗಳ ಹಿಂದಷ್ಟೇ ಅಂಗಡಿಯ ಆಡಳಿತಕ್ಕೆ ಬಂದಿದ್ದ ಯಜಮಾನರ ಅಳಿಯ ಒಂದು ಕಾಗದವನ್ನು ಅಕ್ಕನತ್ತ ತಳ್ಳಿದ.

"ತಪ್ಪು ನಿಮ್ಮದು ಅಂತ ಬರೆದಿದೀನಿ. ಸಹಿ ಹಾಕಿಬಿಡಿ ಅಕ್ಕ. ಕೆಲಸಕ್ಕೇನೂ ತೊಂದರೆ ಆಗಲ್ಲ."

"ನನ್ನ ಚೀಟಿ ಎಲ್ಲಿ?"

"ಉಣ್ಣೆಗೆ ನೀರು ಸೋಕಿದ್ರೆ ಒಣಗೋಕೆ ಎರಡು ದಿನ ಬೇಕು. ಚೀಟಿ ಕಿತ್ತು ನೇರ ಡ್ರೈಕ್ಲೀನಿನ ಪೆಟ್ರೋಲ್ ಮೆಷಿನ್ನಿಗೆ ಹಾಕಿಸ್ದೆ. ಕಲೆ ಹೋಗಿತ್ತು, ನಾನೇ ನೋಡ್ದೆ. ಇಸ್ತ್ರಿ ಹಾಕಿದ್ಮೇಲೆ ಹೀಗಾಯ್ತು."

"ಹೋಗಿರ್ಲಿಲ್ಲ. ಕಣ್ಣಿಗೆ ಕಾಣ್ತಿರ್ಲಿಲ್ಲ, ಅಷ್ಟೆ. ಷರಬತ್ತಿನ ಸಕ್ಕರೆ ಉಣ್ಣೇಲೇ ಉಳಿದಿತ್ತು. ಅದನ್ನ ಇಸ್ತ್ರಿ ಕಾವಲ್ಲಿ, ಬಾಣಲೆಗೆ ಹಾಕಿ ಹುರಿದ ಹಾಗೆ ಹುರಿದಿದೀರಿ."

ಅವಳ ಮೈಯೆಲ್ಲ ಉರಿದುಹೋಯಿತು. ಈ ಸಹಿ ಬಿದ್ದರೆ ಊರಿನ ಯಾವ ಲಾಂಡ್ರಿಯೂ ಅವಳ ಕೈಗೆ ಒಂದು ಕರವಸ್ತ್ರವನ್ನೂ ಕೊಡದು. ಎರಡು ಲೋಟಗಳಲ್ಲಿ ನೀರನ್ನೂ ಪೆಟ್ರೋಲನ್ನೂ ತುಂಬಿ, ಸಕ್ಕರೆ ಡಬ್ಬಿಯನ್ನೂ ಆ ಕಾಗದವನ್ನೂ ಹಿಡಿದು ನೆಟ್ಟಗೆ ಹೊರಗೆ, ಕೋಟಿನ ಒಡತಿಯ ಎದುರಿಗೆ ಬಂದಳು. ಎರಡಕ್ಕೂ ಒಂದೊಂದು ಚಮಚ ಸಕ್ಕರೆ ಸುರಿದು ಕಲಕಿದಳು. ನೀರಿನಲ್ಲಿ ಅದು ಕರಗಿತು. ಪೆಟ್ರೋಲಿನ ತಳದಲ್ಲಿ ಹಾಗೆಯೇ ಕುಳಿತಿತ್ತು.

"ನೋಡಿಮ್ಮಾ, ನೀರಿನ ಕಣಕ್ಕೆ ಎರಡು ಕಡೆ ಎರಡು ಥರದ ಸೆಳೆತ. ಸಕ್ಕರೆ ಕಣಕ್ಕೂ ಅಂಥದ್ದೇ ಇದೆ. ಅದಕ್ಕೇ ನೀರು ಅದನ್ನ ಒಂದೊಂದೇ ಕಣವಾಗಿ ಬಿಡಿಸ್ಕೊಂಡು ಹೋಗುತ್ತೆ. ಪೆಟ್ರೋಲಿಗೂ ಜಿಡ್ಡಿಗೂ ಆ ಸೆಳೆತ ಇಲ್ಲ. ಅವೆರಡಕ್ಕೂ ಸರಿಹೋಗುತ್ತೆ. ಸಕ್ಕರೇನ ಮಾತ್ರ ಪೆಟ್ರೋಲು ಮುಟ್ಟಲ್ಲ. ನಿಮ್ಮ ಕೋಟಿಗೆ ನಾನು 'ನೀರು ಮೊದಲು' ಅಂತ ಚೀಟಿ ಕಟ್ಟಿದ್ದೆ, ಅದು ಹೋಗಿದ್ದು ಪೆಟ್ರೋಲಿಗೆ."

"ಇದೇನು ಪಾಠಶಾಲೆನಾ?" ಎಂದ ಅಳಿಯ, ಹಿಂದೆಯೇ ಬಂದು.

"ನೀವು ಕಾಲೇಜಲ್ಲಿ ಓದಿ ಮರೆತಿರಿ. ನಾನು ಮಗಳ ಪುಸ್ತಕ ಇಸ್ಕೊಂಡು ಓದಿ ನೆನಪಿಟ್ಕೊಂಡೆ."

ಒಡತಿ ಕೋಟನ್ನು ಮಡಚುತ್ತ ಕೇಳಿದಳು: "ಹಾಗಾದ್ರೆ ಪೆಟ್ರೋಲಿಗೆ ಹಾಕಿಸಿದ್ದು ಯಾರು?"

ಅಳಿಯ ಗೋಡೆಯ ಗಡಿಯಾರ ನೋಡಿದ. ಅಕ್ಕ ಕಾಗದದ ಸಾಲುಗಳಿಗೆ ಅಡ್ಡಗೆರೆ ಎಳೆದು, ಕೆಳಗೆ ಬರೆದಳು: 'ನಾನು ಕಟ್ಟಿದ ಚೀಟಿ ಕಿತ್ತವರು ಯಜಮಾನರ ಅಳಿಯ.' ಅದಕ್ಕೆ ಸಹಿ ಹಾಕಿ ಒಡತಿಯ ಕೈಗಿತ್ತಳು.

"ನಾಳೆಯಿಂದ ಬರ್ಬೇಡಿ," ಎಂದ ಅಳಿಯ.

"ಅದನ್ನ ನಿಮ್ಮ ಮಾವ ಬಂದು ಹೇಳ್ಲಿ. ಅಲ್ಲೀವರೆಗೆ ನನ್ನ ಮೇಜಿನ ಹತ್ರ ಕಾಲಿಟ್ಟೀರಿ, ಜೋಕೆ."

ಅವಳು ಒಳಗೆ ಹೋದಳು. ಸಿಟ್ಟು ಇನ್ನೂ ಇಳಿದಿರಲಿಲ್ಲ. ಅದು ಇಳಿಯುವವರೆಗೆ ಯಾವ ಬಟ್ಟೆಯನ್ನೂ ಮುಟ್ಟಲಿಲ್ಲ.