ಬೋಣಿಗೆ ಕಾಯುವ ಸುಂಕದ ಅಂದಾನಯ್ಯ

ಕೆ.ಆರ್.ಪೇಟೆ ಸಂತೆಯಲ್ಲಿ ಸೊಪ್ಪು, ನಿಂಬೆಹಣ್ಣು ಹರವಿಕೊಂಡು ಕೂತ ನಮ್ಮಂಥವರಿಗೆ ಸೂರ್ಯನಿಗಿಂತ ಮೊದಲು ಕಾಣುವವನು ಸುಂಕದ ಅಂದಾನಯ್ಯ. ಸಂತೆ ಸುಂಕದ ಗುತ್ತಿಗೆದಾರನ ಕೆಳಗೆ ದುಡಿಯುವ ಆಳು, ಮೀಸೆ ಮಾತ್ರ ಸರ್ಕಾರದ್ದು. ಮೈಮೇಲೆ ಕ್ರಿಕೆಟ್ ತಂಡದ ಟೀ ಶರ್ಟು, ಕೈಯಲ್ಲಿ ಚೀಟಿಯ ಕಟ್ಟು. ಬೋಣಿಯಾಗದೆ ನಾವ್ಯಾರೂ ದುಡ್ಡು ಬಿಚ್ಚುವುದಿಲ್ಲವೆಂದು ಬಲ್ಲವನು. ಮೊದಲ ಗಿರಾಕಿ ಬರುವ ತನಕ ಬುಟ್ಟಿಯ ಮುಂದೆ ನಿಂತು ಹಿಂದಿನ ರಾತ್ರಿಯ ಆಟವನ್ನು ಚೆಂಡು ಚೆಂಡಾಗಿ ಒಪ್ಪಿಸುತ್ತಾನೆ. ಗಿರಾಕಿಯೇ ಬಾರದಿದ್ದರೆ ತಾನೇ ಒಂದು ಕಟ್ಟು ಸೊಪ್ಪು ಕೊಂಡು ಬೋಣಿ ಮಾಡಿ, ಕೊಟ್ಟ ನೋಟನ್ನೇ ಸುಂಕವೆಂದು ಇಸಿದುಕೊಳ್ಳುತ್ತಾನೆ. "ಕೋಟಿಗಟ್ಲೆ ದುಡಿಯೋ ಕ್ರಿಕೆಟ್ಟಿನೋರ್ಗೆ ತೆರಿಗೆ ಮಾಪಿ ಮಾಡ್ಬೇಕು ಅಂತೀಯಲ್ಲ, ನಮ್ಗ್ಯಾಕ್ಲಾ ಬ್ಯಾಡ?" ಎಂದು ಪಕ್ಕದ ಗೌರಮ್ಮ ಕೆಣಕಿದರೆ, "ಅದು ಆಟ ಕಣಕ್ಕ, ನಿಂದು ಯಾಪಾರ. ಆಟಕ್ಕೆ ಸುಂಕ ಕೇಳಿದ್ರೆ ದೇವ್ರು ಮೆಚ್ಚಾನಾ?" ಎಂದು ನಗುತ್ತಾನೆ. ಗುತ್ತಿಗೆದಾರ ಅಂದಾನಯ್ಯನ ಸಂಬಳ ಕೊಡದೆ ಬಾಕಿ ನಿಲ್ಲಿಸಿದ ಮೇಲೆ, ಹೋದ ಸಂತೆಯಲ್ಲಿ ಅವನ ಹೆಂಡತಿ ಯಶೋಧಳೇ ಸಾಲಿನ ಕೊನೆಯಲ್ಲಿ ದಂಟಿನ ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಕೂತಳು. ಬಿಸಿಲೇರಿದರೂ ಬೋಣಿಯಿಲ್ಲ. ಅಂದಾನಯ್ಯ ಅವಳ ಮುಂದೆ ಬಹಳ ಹೊತ್ತು ನಿಂತ. ಗುತ್ತಿಗೆದಾರ ಅತ್ತ ಬೈಕಿನ ಮೇಲೆ ಕೂತು ನೋಡುತ್ತಿದ್ದ. ಕೊನೆಗೆ ತಾನೇ ಒಂದು ಕಟ್ಟು ಕೊಂಡ, ಅದೇ ನೋಟು ವಾಪಸು ಪಡೆದ, ಚೀಟಿ ಹರಿದು ಅವಳ ಕೈಗಿತ್ತ. "ಕಟ್ಕೊಂಡೋಳ್ಗಾದ್ರೂ ಬುಡ್ಲಾ," ಎಂದಳು ಗೌರಮ್ಮ. ಅವನು ತಲೆಯೆತ್ತಲಿಲ್ಲ. "ಬುಡಕ್ಕೆ ಇವ್ಳೇನು ಆಟ ಆಡಕ್ಕೆ ಬಂದವ್ಳಾ, ಅಕ್ಕ?"