ಹತ್ತಿ ಪೇಟೆಗೆ ಬಂದ ವಾಲ್ವ್ ಸೆಟ್ಟು

ಐವತ್ತರ ದಶಕದ ಕೊನೆಯಲ್ಲಿ ನಾನು ಆದವಾನಿಯ ಹತ್ತಿ ಪೇಟೆಯಿಂದ ಪತ್ರಿಕೆಯೊಂದಕ್ಕೆ ವರದಿ ಕಳಿಸುತ್ತಿದ್ದೆ. ಆಗ ಅಲ್ಲಿ ದರವನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಖರೀದಿದಾರನೂ ದಲಾಲಿಯೂ ಟವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ವ್ಯಾಪಾರ ಕುದುರಿಸುತ್ತಿದ್ದರು. ಹತ್ತಿ ಬೆಳೆದವನು ಪಕ್ಕದಲ್ಲಿ ನಿಂತು ಟವೆಲ್ ಅಲುಗುವುದನ್ನು ನೋಡುತ್ತಿದ್ದ.

ಸಿ. ಬೆಳಗಲ್ ಕಡೆಯ ರೈತನೊಬ್ಬನಿಗೆ ಇದು ಸಾಕಾಗಿತ್ತು. ಬದು ಹಂಚಿಕೊಂಡ ನೆರೆಯವನ ಹತ್ತಿಗೆ ತನ್ನದಕ್ಕಿಂತ ಹೆಚ್ಚು ದರ ಸಿಕ್ಕಿದ್ದು ಅವನಿಗೆ ಊರಿಗೆ ಹೋದ ಮೇಲೆ ಗೊತ್ತಾಗಿತ್ತು. ಪ್ರತಿ ಗಾಡಿಯ ದರವನ್ನೂ ಮೈಕಿನಲ್ಲಿ ಕೂಗಬೇಕೆಂದು ಅವನು ಮಾರ್ಕೆಟ್ ಕಮಿಟಿಯನ್ನು ಕೇಳಿದ. ಬೇಡವೆಂದರೆ ಚೆನ್ನಾಗಿ ಕಾಣುವುದಿಲ್ಲವೆಂದು ಕಮಿಟಿಯಲ್ಲಿದ್ದ ದಲಾಲಿಗಳೂ ಒಪ್ಪಿದರು. ಚರ್ಚೆ ಉಳಿದದ್ದು ಯಾವ ಮೈಕ್ ಸೆಟ್ಟು ಎಂಬುದರ ಬಗ್ಗೆ ಮಾತ್ರ.

ಮೈಕ್ ಅಂಗಡಿಯವನು ಎರಡು ಆಂಪ್ಲಿಫೈಯರ್ ತಂದು ಮೇಜಿನ ಮೇಲಿಟ್ಟ. ಒಂದು ವಾಲ್ವಿನದು. ಹೊರಲು ಇಬ್ಬರು ಬೇಕು, ಒಳಗಿನ ಗಾಜಿನ ಬುರುಡೆಗಳು ಕೆಂಪಗಾದ ಮೇಲಷ್ಟೇ ದನಿ. ಇನ್ನೊಂದು ಹೊಸದಾಗಿ ಬಂದ ಟ್ರಾನ್ಸಿಸ್ಟರಿನದು. ಊಟದ ಡಬ್ಬಿಯಷ್ಟು ಗಾತ್ರ, ಬ್ಯಾಟರಿ ಸಾಕು, ಗುಂಡಿ ಒತ್ತಿದ ಕೂಡಲೇ ಮಾತಾಡುತ್ತದೆ.

ರೈತನಿಗೆ ಚಿಕ್ಕದೇ ಹಿಡಿಸಿತು. ಗಾಡಿಯ ಬಳಿಗೇ ತರಬಹುದಲ್ಲ ಎಂದ.

ಹಿರಿಯ ದಲಾಲಿಯೊಬ್ಬರು ಬೇಡವೆಂದು ತಲೆಯಾಡಿಸಿದರು. "ಒತ್ತಿದ ಕೂಡ್ಲೆ ಮಾತಾಡೋದು ಮರ್ಯಾದಿ ಏನಪಾ? ದೊಡ್ಡೋರು ಮೊದ್ಲು ಗಂಟಲು ಸರಿ ಮಾಡ್ಕೊಂತಾರ."

ಎಲ್ಲರೂ ನಕ್ಕರು, ರೈತನೂ ನಕ್ಕ. ಜಿನ್ನಿಂಗ್ ಮಿಲ್ಲಿನ ಸದ್ದಲ್ಲದೆ ಬೇರೇನನ್ನೂ ಕಿವಿಗೊಟ್ಟು ಕೇಳಿರದವರಿಗೆ ಅಂದು ವಾಲ್ವಿನ ದನಿ ತುಂಬಿಕೊಂಡಿದೆ ಎನಿಸಿತು. ಚಿಕ್ಕದರ ದನಿ ಒಣಗಿದೆ ಎಂದೂ, ಅದನ್ನು ಯಾರಾದರೂ ಕಂಕುಳಲ್ಲಿಟ್ಟುಕೊಂಡು ಹೋಗಬಹುದೆಂದೂ ಅಭಿಪ್ರಾಯ ಬಂತು. ವಾಲ್ವ್ ಸೆಟ್ಟನ್ನೇ ಕೊಂಡರು. ಅದು ಬಿಸಿಯಾಗಲು ಒಂದು ನಿಮಿಷ ಸಾಕೆಂದು ಅಂಗಡಿಯವನು ಹೇಳಿದ. ಸಾರ್ವಜನಿಕರ ಸೊತ್ತಿನ ಮೇಲಿನ ಕಾಳಜಿಯಿಂದ ಕಮಿಟಿಯವರು ಆ ನಿಮಿಷವನ್ನು ಎರಡು ತಾಸಿಗೆ ಏರಿಸಿದರು.

ಸೆಟ್ಟು ಕೂರಿಸಿದ ಮೊದಲ ದಿನವೇ ರೈತ ಗಾಡಿ ತಂದು ಪೇಟೆಯ ಬಾಗಿಲ ಬಳಿ ನಿಲ್ಲಿಸಿದ. ಬೆಳಗಿನ ವ್ಯಾಪಾರ ಶುರುವಾಯಿತು, ಟವೆಲ್ಲುಗಳು ಹರಡಿದವು. ಅವನ ದಲಾಲಿಯೂ ಬಂದ. ರೈತ ಬೇಡವೆಂದ.

"ಮೈಕ್ ಹತ್ತಲಿ. ನನ್ನ ರೇಟು ನಾಲ್ಕು ಮಂದಿ ಕೇಳಬೇಕು."

"ಕೇಳಲಿ ಬಿಡು ಮಾವ, ಯಾರು ಬ್ಯಾಡಂದ್ರು? ಇನ್ನಾ ಬಿಸಿ ಆಗಾಕತ್ತೈತಿ."

ರೈತ ನೊಗದ ಮೇಲೆ ಕುಳಿತ. ಸುತ್ತಲಿನ ಗಾಡಿಗಳು ಒಂದೊಂದಾಗಿ ಖಾಲಿಯಾಗಿ ಹೊರಟವು. ದೊಡ್ಡ ಖರೀದಿದಾರರು ಊಟಕ್ಕೆದ್ದರು. ಕಂಬದ ಮೇಲಿನ ಮೈಕಿನ ಹಾರ್ನು ಗೊರಗೊರ ಎಂದು ದನಿ ತೆಗೆದಾಗ ಪೇಟೆಯಲ್ಲಿ ಉಳಿದಿದ್ದವನು ಒಬ್ಬನೇ ಖರೀದಿದಾರ. ಅವನಿಗೂ ಹಸಿವಾಗಿತ್ತು.

ದಲಾಲಿ ಮತ್ತೆ ಬಂದು ಟವೆಲ್ಲಿನ ಅಂಚು ಎತ್ತಿ ಹಿಡಿದು ನಿಂತ. ರೈತ ಎತ್ತುಗಳನ್ನೂ ಬಾಗಿಲನ್ನೂ ನೋಡಿದ. ಆಮೇಲೆ ಹೂಂ ಎಂದು ತಲೆಯಾಡಿಸಿದ. ಟವೆಲ್ ಸ್ವಲ್ಪ ಹೊತ್ತು ಅಲುಗಿ ನಿಂತಿತು.

ಬಾಗಿಲಿಗೆ ಅಡ್ಡ ನಿಂತ ಗಾಡಿಯನ್ನು ಬೇಗ ತೆಗೆಯಬೇಕೆಂದು ಅಷ್ಟರಲ್ಲಿ ಹಾರ್ನು ಹೇಳತೊಡಗಿತು. ಅವನದೇ ಗಾಡಿ. ದನಿ ಪೇಟೆಯ ಮೂಲೆಮೂಲೆಗೂ ಸ್ಪಷ್ಟವಾಗಿ ಕೇಳಿಸುತ್ತಿತ್ತೆಂದು ನನ್ನ ವರದಿಯಲ್ಲಿತ್ತು. ಅದು ನಿಜ.